ಗುಡ್ಡದ ಮೇಲೊಂದು ಬೆಳ್ಳನೆಯ ಚೌಕ

ಪ್ರಶ್ನೆ ಕೇಳದೆ ಸುಮ್ಮನೆ ಕುಳಿತ ಮಗುವನ್ನು ಹಿಂದಿನ ಬೆಂಚಿಗೆ ಕಳುಹಿಸುವ ಶಾಲೆಯಲ್ಲಿ ನಾನು ಓದಿದೆ. ಧಾರವಾಡದ ಆ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯ ಬದಲು ‘ಇಂದಿನ ಅನ್ಯಾಯ’ ಎಂಬ ಒಂದು ಚಿಕ್ಕ ಕಾರ್ಯಕ್ರಮವಿತ್ತು. ಮಕ್ಕಳು ಸರದಿಯಂತೆ ಎದ್ದು ನಿಂತು, ಹಿಂದಿನ ದಿನ ತಾವು ಕಂಡ ಅನ್ಯಾಯವೊಂದನ್ನು ಹೆಸರಿಸಿ ಕುಳಿತುಕೊಳ್ಳಬೇಕು. ಉಳಿದವರು ಚಪ್ಪಾಳೆ ತಟ್ಟುವಂತಿರಲಿಲ್ಲ. ಅನ್ಯಾಯಕ್ಕೆ ಚಪ್ಪಾಳೆ ತಟ್ಟುವುದು ಸರಿಯಲ್ಲವೆಂದು ನಮಗೆ ಹೇಳಿಕೊಟ್ಟಿದ್ದರು. ನನ್ನ ಸರದಿಗೆ ಕೊಟ್ಟ ಸಮಯ ಎಂದೂ ಸಾಲುತ್ತಿರಲಿಲ್ಲ. ಆ ಅಭ್ಯಾಸ ದೊಡ್ಡವಳಾದ ಮೇಲೂ ಬಿಡಲಿಲ್ಲ. ವ್ಯತ್ಯಾಸವೆಂದರೆ, ಗಂಟೆ ಬಾರಿಸಿ ನನ್ನನ್ನು ಕೂರಿಸುವವರು ಆಮೇಲೆ ಯಾರೂ ಇರಲಿಲ್ಲ.

ಗದಗ ಬೇರೆ ಜಿಲ್ಲೆಯಾಗಿ ಇನ್ನೂ ಹತ್ತು ವರ್ಷ ತುಂಬಿರದ ಆ ದಿನಗಳಲ್ಲಿ ನಾನು ಊರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಹೊಸ ಜಿಲ್ಲೆಯೆಂದರೆ ಹೊಸ ಕಚೇರಿಗಳು. ಹೊಸ ಕಚೇರಿಗಳೆಂದರೆ, ನನ್ನ ಪಾಲಿಗೆ, ಅದುವರೆಗೆ ಧಾರವಾಡದ ಬಸ್ಸು ಹಿಡಿದು ಹೋಗಿ ಹೆಸರಿಸಬೇಕಾಗಿದ್ದ ಅನ್ಯಾಯಗಳನ್ನು ಆಟೋ ಹತ್ತಿ ಹೋಗಿ ಹೆಸರಿಸುವ ಸೌಲಭ್ಯ. ಬೀಗ ಹಾಕಿದ ಹೆಂಗಸರ ಶೌಚಾಲಯ, ಹಳ್ಳಿಯ ಚಹಾದಂಗಡಿಯಲ್ಲಿ ಕೆಲವರಿಗಷ್ಟೇ ಎತ್ತಿಟ್ಟ ಬೇರೆ ಲೋಟ, ಕೊಡ ಹೊತ್ತು ಮೈಲುಗಟ್ಟಲೆ ನಡೆಯುವ ಹೆಣ್ಣುಮಕ್ಕಳು: ಇವೆಲ್ಲ ನಿಜವಾದ ಅನ್ಯಾಯಗಳು. ಈಗಲೂ ಅವುಗಳನ್ನು ನಾನು ಅದೇ ಹೆಸರಿನಿಂದ ಕರೆಯುತ್ತೇನೆ. ಆದರೆ ಅದೇ ಅರ್ಜಿಯಲ್ಲಿ, ಅದೇ ಧಾಟಿಯಲ್ಲಿ, ಮಿರ್ಚಿ ಭಜಿಯನ್ನು ಪತ್ರಿಕೆಯ ಹಾಳೆಯಲ್ಲಿ ಕಟ್ಟಿಕೊಡುವುದರ ಬಗ್ಗೆಯೂ ಒಂದು ಪುಟ ಬರೆಯುತ್ತಿದ್ದೆ ಎಂಬುದನ್ನು ಇಲ್ಲಿ ಮುಚ್ಚಿಡಲಾರೆ. ನಾನು ಬರುತ್ತಿರುವುದು ಕಂಡರೆ ಗುಮಾಸ್ತರು ಊಟಕ್ಕೆ ಏಳುತ್ತಿದ್ದರು, ಬೆಳಿಗ್ಗೆ ಹತ್ತೂವರೆಯಾಗಿದ್ದರೂ.

ನನ್ನ ಗಂಡ ಗದಗ ಜಂಕ್ಷನ್ನಿನಲ್ಲಿ ಟಿಕೀಟು ಕೊಡುವ ಕೆಲಸದಲ್ಲಿದ್ದರು. ‘ನಮ್ಮ ಯಜಮಾನರು’ ಎನ್ನುವ ಮಾತಿನಲ್ಲಿ ಒಡೆತನದ ವಾಸನೆ ಇದೆಯೆಂದು ನಾನು ಅವರನ್ನು ಎಲ್ಲರಿಗೂ ‘ನನ್ನ ಸಂಗಾತಿ’ ಎಂದು ಪರಿಚಯಿಸುತ್ತಿದ್ದೆ. ನಮ್ಮ ಅತ್ತೆಯವರು ಬಹಳ ದಿನ ಅದು ಬೇರೆ ಯಾರೋ ಇರಬೇಕೆಂದು ಆತಂಕದಲ್ಲಿದ್ದರು.

ಕಲಿಸುವುದರ ಜೊತೆಗೆ ನಾನು ಒಂದು ಸಂಶೋಧನೆಗೂ ಕೈಹಾಕಿದ್ದೆ. ಉಪಗ್ರಹವೊಂದು ಆಕಾಶದಿಂದ ರೇಡಾರ್ ಅಲೆಗಳನ್ನು ನೆಲದ ಮೇಲೆ ಬೀರುತ್ತದೆ. ಕಾಡಿನ ಮೇಲೆ ಬಿದ್ದ ಅಲೆ ಎಲೆಗೆ ತಾಗಿ, ಕೊಂಬೆಗೆ ತಾಗಿ, ನೆಲಕ್ಕೆ ತಾಗಿ ನಾನಾ ದಿಕ್ಕಿಗೆ ಚದುರುತ್ತದೆ. ಅದರಲ್ಲಿ ಒಂದು ಚೂರು ತಿರುಗಿ ಉಪಗ್ರಹಕ್ಕೆ ಮುಟ್ಟುತ್ತದೆ. ಹೆಚ್ಚು ಮರಳಿದರೆ ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಕಾಣುತ್ತದೆ, ಕಡಿಮೆ ಮರಳಿದರೆ ಕಪ್ಪಗೆ. ಎಂಥ ಕಾಡಿನಿಂದ ಎಷ್ಟು ಮರಳುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಹೇಳುವ ಗಣಿತದ ಮಾದರಿಯೊಂದನ್ನು ಕಟ್ಟುವುದು ನನ್ನ ಕೆಲಸ. ಕಾಡನ್ನು ಅದು ಇದ್ದಂತೆಯೇ ಲೆಕ್ಕಕ್ಕೆ ತರಲು ಯಾವ ಗಣಿತಕ್ಕೂ ಆಗುವುದಿಲ್ಲ. ಆದ್ದರಿಂದ ನಾವು ಎಲೆಯನ್ನು ತಟ್ಟೆಯೆಂದೂ ಕೊಂಬೆಯನ್ನು ಕೋಲೆಂದೂ ನೆಲವನ್ನು ಒರಟಾದ ಹಾಸೆಂದೂ ಭಾವಿಸಿಕೊಳ್ಳುತ್ತೇವೆ. ಹಕ್ಕಿ, ಇರುವೆ, ಹೂವು, ನೆರಳು ಇವುಗಳಿಗೆ ಲೆಕ್ಕದಲ್ಲಿ ಜಾಗವಿಲ್ಲ. ಮೊದಮೊದಲು ಇದೂ ಒಂದು ಅನ್ಯಾಯವೆಂದು ನನಗನ್ನಿಸಿ, ಧಾರವಾಡದಲ್ಲಿದ್ದ ನನ್ನ ಮಾರ್ಗದರ್ಶಕರಿಗೆ ನಾಲ್ಕು ಪುಟದ ಪತ್ರ ಬರೆದಿದ್ದೆ. ‘ಮೊದಲು ತಟ್ಟೆ ಮತ್ತು ಕೋಲು ಸರಿಯಾಗಿ ಮಾಡಿ’ ಎಂದು ಅವರು ಒಂದು ಕಾರ್ಡು ಹಾಕಿದರು.

ಹೀಗೆ ತಟ್ಟೆ ಕೋಲುಗಳ ನಡುವೆ ಇದ್ದಾಗಲೇ ನನಗೆ, ಊರವರೆಲ್ಲ ‘ಚಾಚಿ’ ಎಂದು ಕರೆಯುವ ಹೆಂಗಸೊಬ್ಬಳ ಪರಿಚಯವಾಯಿತು.

ಶಿರಹಟ್ಟಿಯಿಂದ ಮುಂಡರಗಿಯ ಕಡೆಗೆ ಹೋಗುವ ದಾರಿಯಲ್ಲಿ, ಗುಡ್ಡಸಾಲಿನ ಬುಡದಲ್ಲಿರುವ ಒಂದು ಚಿಕ್ಕ ಹಳ್ಳಿ ಅವಳದು. ಊರಿಗೆ ಅಂಟಿಕೊಂಡ ಇಳಿಜಾರಿನ ತುಂಬ ಸೀತಾಫಲದ ಕಂಟಿಗಳು. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಮಳೆಗಾಲ ಮುಗಿಯುತ್ತ ಬಂದಂತೆ ಹಳ್ಳಿಯ ಹೆಂಗಸರು ಬುಟ್ಟಿ ಹಿಡಿದು ಏರುತ್ತಿದ್ದರು. ಯಾವ ಬಂಡೆಯಿಂದ ಯಾವ ಬಂಡೆಯವರೆಗಿನ ಗಿಡ ಯಾರ ಮನೆಯದು ಎಂಬ ತಿಳಿವಳಿಕೆ ಅತ್ತೆಯಿಂದ ಸೊಸೆಗೆ ಇಳಿದು ಬರುತ್ತಿತ್ತು. ಅದಕ್ಕೆ ಕಾಗದವಾಗಲಿ ತಕರಾರಾಗಲಿ ಇರಲಿಲ್ಲ. ಅರೆಗಾಯಿ ಕಿತ್ತು, ಹುಲ್ಲಿನಲ್ಲಿ ಹಣ್ಣಿಗೆ ಹಾಕಿ, ಮುಂಡರಗಿಯ ಬಸ್ ನಿಲ್ದಾಣದ ಹೊರಗೆ ಬುಟ್ಟಿಯಿಟ್ಟು ಮಾರುವುದು. ಚಾಚಿಯ ಮನೆಯಲ್ಲಿ ವರ್ಷದ ಬಟ್ಟೆಯೂ ಮೊಮ್ಮಕ್ಕಳ ಶಾಲೆಯ ಪುಸ್ತಕವೂ ಬರುತ್ತಿದ್ದುದು ಆ ಹಂಗಾಮಿನ ಹಣ್ಣಿನಿಂದಲೇ. ಮುಂಚೆ ಆ ಊರಿಗೆ ಕೈಪಂಪು ಕೊಡಿಸಲು ನಾನು ಅರ್ಜಿ ಬರೆದಿದ್ದೆ. ನನ್ನ ಎಲ್ಲ ಅರ್ಜಿಗಳ ಪೈಕಿ ಫಲ ಕೊಟ್ಟದ್ದು ಅದೊಂದೇ ಆದ್ದರಿಂದ, ಆ ಹಳ್ಳಿಯಲ್ಲಿ ನನಗೆ ಇಲ್ಲದ ಮಹಿಮೆ ಅಂಟಿಕೊಂಡಿತ್ತು.

ಆ ವರ್ಷ ಒಂದು ದಿನ ಚಾಚಿ ಗದಗಿಗೆ ಬಂದು, ಕಾಲೇಜಿನ ಮೆಟ್ಟಿಲ ಮೇಲೆ ಕುಳಿತು ನನ್ನನ್ನು ಕರೆಸಿದಳು.

“ಅಕ್ಕೋರ, ನಮ್ಮ ಗುಡ್ಡದಾಗ ಯಾರೋ ಬಂದು ಕೆಂಪು ಬಣ್ಣ ಬಳದು ಹೋಗ್ಯಾರ್ರಿ, ಬಂಡಿಗಲ್ಲಿನ ಮ್ಯಾಲೆ. ಜೆಸಿಬಿ ಬಂದು ಎಲ್ಲಾ ಕಿತ್ತು ನೀಲಗಿರಿ ಹಚ್ಚತಾರಂತ. ಖರೇ ಏನ್ರಿ?”

ಖರೆಯೇ ಆಗಿತ್ತು. ಜಿಲ್ಲೆಯ ಖಾಲಿ ಜಾಗಗಳನ್ನು ಹಸಿರು ಮಾಡುವ ಯೋಜನೆಯೊಂದು ಬಂದಿತ್ತು. ಖಾಲಿ ಯಾವುದು, ಹಸಿರು ಯಾವುದು ಎಂದು ಉಪಗ್ರಹದ ಚಿತ್ರ ನೋಡಿ ತೀರ್ಮಾನಿಸಿದ್ದರು. ಚಿತ್ರದಲ್ಲಿ ಆ ಇಳಿಜಾರು ಕಪ್ಪಗಿತ್ತು. ನಾನು ಆ ಮಧ್ಯಾಹ್ನವೇ ಆಟೋ ಹತ್ತಿದೆ.

ಯೋಜನೆಯ ಅಧಿಕಾರಿ ಹೊಸದಾಗಿ ಬಂದ ಯುವಕ. ನನ್ನ ಕೀರ್ತಿ ಇನ್ನೂ ಆತನ ಕಿವಿಗೆ ಬಿದ್ದಿರಲಿಲ್ಲವೆಂದು ಕಾಣುತ್ತದೆ, ಕುರ್ಚಿ ಕೊಟ್ಟ.

“ಮೇಡಂರೀ, ಚಿತ್ರದಾಗ ಅಲ್ಲೇನೂ ಇಲ್ಲ ನೋಡ್ರಿ. ಕಪ್ಪಗೈತಿ. ರೇಡಾರಿಗೆ ಕಾಣದ ಕಾಡು ಸರಕಾರಕ್ಕ ಹೆಂಗ ಕಾಣಬೇಕ್ರಿ?”

“ನೀವು ಹೋಗಿ ನೋಡೀರೇನು?”

“ಇರೂದ ಒಂದ ಜೀಪು. ಡೀಸೆಲ್ ಇದ್ದಾಗ ಡ್ರೈವರ್ ಇರೂದಿಲ್ಲ, ಡ್ರೈವರ್ ಇದ್ದಾಗ ಡೀಸೆಲ್ ಇರೂದಿಲ್ಲ.”

ನಾನು ಎದ್ದು ನಿಂತು, ಕೇಂದ್ರೀಕೃತ ಅಧಿಕಾರ, ಏಕಜಾತಿ ನೆಡುತೋಪು, ಹೆಣ್ಣುಮಕ್ಕಳ ಅಗೋಚರ ದುಡಿಮೆ ಇವುಗಳನ್ನು ಒಂದೊಂದಾಗಿ ಹೆಸರಿಸಿದೆ. ಆತ ತಾಳ್ಮೆಯಿಂದ ಕೇಳಿದ. ಕೊನೆಗೆ, “ಮುಂದಿನ ಚಿತ್ರದಾಗ ಅಲ್ಲಿ ಏನರ ಕಂಡ್ರ ತೊಗೊಂಡ್ ಬರ್ರಿ. ದೀಪಾವಳಿ ಮುಗದ ಮ್ಯಾಲೆ ಜೆಸಿಬಿ ಹೋಗತಾವು. ಅದಕ್ಕಿಂತ ಮೊದಲ ಬರ್ರಿ,” ಎಂದ.

ಆ ಕಪ್ಪು ಏಕೆಂದು ನನಗೆ ಗೊತ್ತಿತ್ತು. ಆ ಉಪಗ್ರಹದ ಅಲೆ ಒಂದು ಗೇಣಿನಷ್ಟು ಉದ್ದ. ಸಾಗುವಾನಿಯಂಥ ದಪ್ಪ ಬೊಡ್ಡೆಯ ಮರಗಳಿದ್ದರೆ ಗೇಣುದ್ದದ ಅಲೆ ನೆಲಕ್ಕೆ ತಾಗಿ, ಬೊಡ್ಡೆಗೆ ಬಡಿದು, ನೆಟ್ಟಗೆ ತಿರುಗಿ ಹೋಗುತ್ತದೆ, ಚಿತ್ರ ಬೆಳಗುತ್ತದೆ. ಹೆಬ್ಬೆರಳು ಗಾತ್ರದ ಸೀತಾಫಲದ ಕೊಂಬೆಗಳನ್ನು ಅದು ಕಂಡೂ ಕಾಣದಂತೆ ಹಾದುಬಿಡುತ್ತದೆ. ಕೆಳಗಿನ ಒಣನೆಲವೂ ಹೆಚ್ಚೇನನ್ನೂ ಹಿಂದಿರುಗಿಸುವುದಿಲ್ಲ. ಹೀಗಾಗಿ ಕಪ್ಪು ಎಂದರೆ ಗಿಡವಿಲ್ಲ ಎಂದಲ್ಲ, ದಪ್ಪ ಗಿಡವಿಲ್ಲ ಎಂದಷ್ಟೇ. ಇದು ಸರಳವಾದ ಭೌತಶಾಸ್ತ್ರ. ನನ್ನ ಪ್ರಬಂಧದ ಮೊದಲ ಕರಡಿನಲ್ಲಿ ಇದನ್ನೇ ನಾನು ‘ದೊಡ್ಡವರನ್ನಷ್ಟೇ ಗುರುತಿಸುವ ಗೇಣುದ್ದದ ಅಲೆಯ ಊಳಿಗಮಾನ್ಯ ದೃಷ್ಟಿ’ ಎಂದು ಬರೆದಿದ್ದೆ. ಮಾರ್ಗದರ್ಶಕರು ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಅಲೆಗೆ ಜಾತಿ ಇಲ್ಲ, ಉದ್ದ ಇದೆ’ ಎಂದು ಬರೆದು ಕಳಿಸಿದರು.

ಕಪ್ಪಿನೊಳಗೂ ಹಂತಗಳಿವೆ. ಬರಿಯ ಕಲ್ಲುನೆಲ ಎಷ್ಟು ಕಪ್ಪು, ಕಂಟಿಗಳಿರುವ ನೆಲ ಎಷ್ಟು ಕಪ್ಪು ಎಂಬ ಸಣ್ಣ ಅಂತರವನ್ನು ನನ್ನ ಮಾದರಿಯಿಂದ ತೋರಿಸಿಕೊಟ್ಟರೆ ಆ ಇಳಿಜಾರು ಖಾಲಿಯಲ್ಲವೆಂದು ಸಾಬೀತಾದಂತೆ. ಉಪಗ್ರಹ ನಮ್ಮ ಮೇಲೆ ಹಾದುಹೋಗುವ ದಿನವನ್ನು ತಿಳಿದುಕೊಂಡು, ಚಾಚಿಯ ಪಾಲಿನ ಗಿಡಗಳ ನಡುವೆ ಒಂದು ಚೌಕ ಆರಿಸಿ, ಖೋ-ಖೋ ಅಂಕಣಕ್ಕೆ ಹಾಕುವಂತೆ ಸುಣ್ಣದ ಪುಡಿಯಿಂದ ಗೆರೆ ಹಾಕಿದೆ. ಅದರೊಳಗಿನ ಕೊಂಬೆಗಳ ದಪ್ಪ, ಎಲೆಗಳ ಅಗಲ, ಅವು ಬಾಗಿದ ಕೋನ, ಮಣ್ಣಿನ ತೇವ ಎಲ್ಲವನ್ನೂ ಅಳೆಯತೊಡಗಿದೆ. ಚಾಚಿ ಬಂಡೆಯ ಮೇಲೆ ಕುಳಿತು ನೋಡುತ್ತಿದ್ದಳು.

“ಒಂದೊಂದ ಎಲಿದೂ ಅಳತಿ ತೊಗೊಂಡ್ರೆಲ್ಲಾ ಅಕ್ಕೋರ, ಅವಕ್ಕೇನ್ ಅಂಗಿ ಹೊಲಸ್ತೀರೇನು?”

“ಎಲಿ ಎಷ್ಟ ಅಗಲ ಐತಿ ಅಂತ ಗೊತ್ತಾದ್ರ ನಿಮ್ಮ ಗುಡ್ಡಾ ಉಳೀತೈತಿ ಚಾಚಿ.”

“ಹಂಗಾರ ದೊಡ್ಡ ದೊಡ್ಡ ಎಲೀನ ಅಳೀರಿ. ಸಣ್ಣವು ಯಾಕ ಹಿಡೀತೀರಿ?”

ಪ್ರಾತಿನಿಧಿಕ ಮಾದರಿ ಎಂದರೇನು ಎಂಬುದನ್ನು ನಾನು ಅವಳಿಗೆ ವಿವರಿಸಿದೆ. ಅವಳು ಎಲೆ ಅಡಿಕೆ ಹಾಕಿಕೊಂಡಳು.

ಉಪಗ್ರಹ ಬರುವ ಹಿಂದಿನ ಸಂಜೆ ಹಳ್ಳಿಯ ಹೆಂಗಸರನ್ನೆಲ್ಲ ಸೇರಿಸಿ ನಾನೊಂದು ಭಾಷಣ ಮಾಡಿದೆ. ವಿಜ್ಞಾನವನ್ನು ಜನರ ಮಾತಿನಲ್ಲಿ ಹೇಳಬೇಕೆಂಬುದು ನನ್ನ ಶಾಲೆ ಕಲಿಸಿದ ಪಾಠ. ಆದ್ದರಿಂದ ಅಲೆ, ಚದುರುವಿಕೆ ಮುಂತಾದ ಒಣಮಾತುಗಳನ್ನೆಲ್ಲ ಬಿಟ್ಟು, “ನಾಳೆ ಮುಂಜಾನೆ ಆಕಾಶದಾಗಿಂದ ನಿಮ್ಮ ಗುಡ್ಡಾ ನೋಡಾಕ ಬರತಾರ. ನೋಡಿ ಒಪ್ಪಿದ್ರ ಗುಡ್ಡಾ ನಿಮಗ ಉಳೀತೈತಿ. ಈ ಗೆರಿ ಒಳಗ ಆಡು ಹೋಗದಂಗ ನೋಡ್ಕೋರಿ,” ಎಂದೆ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಜನರ ಮಾತಿನಲ್ಲಿ ಹೇಳಿದರೆ ಎಷ್ಟು ಬೇಗ ತಿಳಿಯುತ್ತದೆ ಎಂದು ನಾನು ಹೆಮ್ಮೆಪಟ್ಟುಕೊಂಡೆ.

ಮರುದಿನ ಬೆಳಿಗ್ಗೆ ನಾನು ಅಲ್ಲಿರಬೇಕಾಗಿತ್ತು. ಆದರೆ ಅದೇ ಬೆಳಿಗ್ಗೆ ಲಕ್ಷ್ಮೇಶ್ವರದಲ್ಲಿ ಒಂದು ಮಹಿಳಾ ಶಿಬಿರವಿತ್ತು. ವೈಜ್ಞಾನಿಕ ಮನೋಭಾವದ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ಅಳತೆಗಳೆಲ್ಲ ಮುಗಿದಿದ್ದವು, ಶ್ರಾವಣದ ಮಳೆ ಬಹಳ ದಿನಗಳಿಂದ ಬಿಡುವು ಕೊಟ್ಟಿತ್ತು, ಮಣ್ಣು ಒಣಗಿತ್ತು. ಒಂದು ರಾತ್ರಿಯಲ್ಲಿ ಅದೇನು ಬದಲಾದೀತು ಎಂದುಕೊಂಡು ನಾನು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಕಣ್ಣಾರೆ ಪರೀಕ್ಷಿಸದೆ ಏನನ್ನೂ ನಂಬಬಾರದು ಎಂದು ಅಲ್ಲಿ ಒಂದೂವರೆ ಗಂಟೆ ಮಾತಾಡಿದೆ.

ಚಿತ್ರ ಬರಲು ತಿಂಗಳು ಹಿಡಿಯಿತು. ಸಿ.ಡಿ.ಯನ್ನು ಕಾಲೇಜಿನ ಗಣಕಯಂತ್ರಕ್ಕೆ ಹಾಕಿ ತೆರೆದರೆ, ಇಳಿಜಾರು ಎಂದಿನಂತೆ ಕಪ್ಪಗೆ ಮಲಗಿತ್ತು; ಅದರ ನಟ್ಟನಡುವೆ, ಯಾರೋ ಕತ್ತರಿಯಿಂದ ಕತ್ತರಿಸಿ ಅಂಟಿಸಿದಂತೆ, ಒಂದು ಬೆಳ್ಳನೆಯ ಚೌಕ. ಅಷ್ಟು ಬೆಳಕನ್ನು ನಾನು ದಾಂಡೇಲಿಯ ದಟ್ಟ ಕಾಡಿನ ಚಿತ್ರದಲ್ಲಿ ಮಾತ್ರ ಕಂಡಿದ್ದೆ. ನನ್ನ ಮಾದರಿ ಹೇಳಿದ ಬೆಲೆಗೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ.

ವೈಜ್ಞಾನಿಕ ಮನೋಭಾವವುಳ್ಳ ನಾನು ಆಗ ಮಾಡಿದ ಮೊದಲ ಕೆಲಸವೆಂದರೆ ಚಿತ್ರ ಕಳಿಸಿದ ಕೇಂದ್ರಕ್ಕೆ ಖಂಡನಾಪತ್ರ ಬರೆದದ್ದು. ಹಿಂದುಳಿದ ಜಿಲ್ಲೆಯವರೆಂದು ನಮಗೆ ಕಳಪೆ ಮಾಹಿತಿ ದಾಟಿಸಲಾಗಿದೆ, ಪ್ರಾದೇಶಿಕ ಅಸಮಾನತೆ ಈಗ ಬಾಹ್ಯಾಕಾಶಕ್ಕೂ ಹಬ್ಬಿದೆ ಎಂದು ಅದರಲ್ಲಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಓದಿದ ಗಂಡ, “ಇನ್ನ ಉಪಗ್ರಹದ ಮುಂದ ಧರಣಿ ಕುಂಡ್ರೂದೊಂದು ಉಳೀತು ನೋಡು. ಪೆಂಡಾಲ್ ಎಲ್ಲಿ ಹಾಕಸ್ತಿ?” ಎಂದರು. ನಾನು ಅವರ ವ್ಯಂಗ್ಯದಲ್ಲಡಗಿದ್ದ ಪುರುಷಾಹಂಕಾರವನ್ನು ಹೆಸರಿಸಿ, ಪತ್ರವನ್ನು ಅಂಚೆಗೆ ಹಾಕಿದೆ. ಅಂಚೆಗೆ ಹಾಕಿದ ಮೇಲೆ ಮಾರ್ಗದರ್ಶಕರಿಗೆ ಫೋನು ಮಾಡಿದೆ. ಅವರು ಎಲ್ಲವನ್ನೂ ಕೇಳಿ ಒಂದೇ ಮಾತು ಹೇಳಿದರು:

“ನೆಲ ಹಸಿ ಇತ್ತೇನು ನೋಡ್ರಿ.”

“ಮಳೀನ ಆಗಿಲ್ರೀ ಸರ್.”

“ಮಳಿ ಆಗಿತ್ತೇನು ಅಂತ ಕೇಳಲಿಲ್ಲ. ನೆಲ ಹಸಿ ಇತ್ತೇನು ಅಂತ ಕೇಳಿದೆ.”

ಮಾದರಿಯಲ್ಲಿ ಮಣ್ಣಿನ ತೇವವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದೆ. ನೆಲ ಆಗಷ್ಟೇ ನೆನೆದಂತಿದೆ ಎಂದು ಭಾವಿಸಿದಾಗ ಲೆಕ್ಕ ಚಿತ್ರಕ್ಕೆ ಬಂದು ಸರಿಯಾಗಿ ಕೂತಿತು. ಹಸಿ ನೆಲ ಅಲೆಯನ್ನು ಹೀರದೆ ಕೊಂಬೆಯ ಬುಡಕ್ಕೆ ಎಸೆಯುತ್ತದೆ. ಸಣ್ಣ ಕೊಂಬೆಗಳೂ ಗುಂಪಾಗಿ ನಿಂತು ಅದನ್ನು ಮೇಲಕ್ಕೆ ತಿರುಗಿಸಿದ್ದವು. ಎರಡು ವರ್ಷದಲ್ಲಿ ನನ್ನ ಮಾದರಿಗೂ ಲೋಕಕ್ಕೂ ಹೊಂದಾಣಿಕೆಯಾದದ್ದು ಅದೇ ಮೊದಲು. ಆದರೆ ಮೋಡವಿಲ್ಲದ ದಿನ, ಸುತ್ತೆಲ್ಲ ಒಣಗಿದ್ದಾಗ, ಒಂದು ಚೌಕದ ಮೇಲಷ್ಟೇ ಮಳೆ ಹೇಗೆ ಬಿದ್ದೀತು?

ಹಳ್ಳಿಗೆ ಹೋದೆ. ಚಾಚಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

“ಚಾಚಿ, ಆವತ್ತ ಮುಂಜಾನೆ ಆ ಚೌಕದಾಗ ಏನಾರ ಆತೇನು?”

“ಏನಾಗತೈತ್ರಿ? ಕಸಾ ಹೊಡದ್ವಿ, ನೀರ ಹೊಡದ್ವಿ. ಛಲೋ ಕಂಡಿತಿಲ್ಲೋ?”

“ನೀರು?”

“ಹೂಂ ಮತ್ತ. ಊರ ಹೆಣ್ಣಮಕ್ಕಳು ಎಲ್ಲಾರೂ ಕೂಡಿ ನಸಿಕಿನ್ಯಾಗ ಎದ್ದು ಬೋರಿಂಗ್ ನೀರ ಹೊತ್ವಿ. ಕೊಡದ ಮ್ಯಾಲೆ ಕೊಡ. ನಮ್ಮ ಸೊಸಿ ಅಂತೂ ಜಾರಿ ಬಿದ್ದ ಮತ್ತೂ ಹೊತ್ಲು.” ಮೊರದ ಜೋಳದಲ್ಲಿ ಇಣುಕಿದ ಕಲ್ಲನ್ನು ಆರಿಸಿ ಎಸೆದು, ಚಾಚಿ ನನ್ನ ಮುಖ ನೋಡಿದಳು. “ನೀವ ಹೇಳಿದ್ರೆಲ್ಲಾ ಅಕ್ಕೋರ, ನೋಡಾಕ ಬರತಾರ, ಒಪ್ಪಿದ್ರ ಉಳೀತೈತಿ ಅಂತ. ಕನ್ಯಾ ನೋಡಾಕ ಬರೋ ದಿನ ಮನಿ ಮುಂದ ಕಸಾ ಹೊಡದು ನೀರ ಹಾಕೂದಿಲ್ಲೇನು? ಹುಡಿಗಿ ಹೆಂಗ ಇರಲಿ, ಅಂಗಳ ಛಂದ ಇರಬೇಕ.”

“ಹಂಗಾರ ಗೆರಿ ಒಳಗ ಅಷ್ಟ ಯಾಕ ಹಾಕಿದ್ರಿ? ಗುಡ್ಡಕ್ಕೆಲ್ಲಾ ಹಾಕಬೇಕಿತ್ತಲ್ಲ!” ನನ್ನ ಬಾಯಿಂದ ಅವಿವೇಕದ ಪ್ರಶ್ನೆ ಬಂದುಬಿಟ್ಟಿತು.

“ಅಯ್ಯ ನಮ್ಮವ್ವ, ಗುಡ್ಡಕ್ಕ ನೀರ ಹಾಕಾಕ ನಾವೇನು ಇಂದ್ರನ ಮಕ್ಕಳೇನ್ರಿ? ನೀವ ಗೆರಿ ಹೊಡದು ಅಂಗಳ ತೋರಿಸಿದ್ರಿ. ಅಂಗಳಕ್ಕ ಹಾಕಿದ್ವಿ.”

ಪಕ್ಕದ ಮನೆಯವಳೊಬ್ಬಳು ಗೋಡೆಯ ಆಚೆಯಿಂದ, “ಹೊಸಾ ಸೀರಿ ಉಟ್ಟು ಮಧ್ಯಾಹ್ನತನಕ ಕುಂತಿದ್ವಿ ಅಕ್ಕೋರ, ಒಬ್ಬರೂ ಇಳದ ಬರಲಿಲ್ಲ,” ಎಂದಳು.

ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಹೆಣ್ಣು ನೋಡುವ ಶಾಸ್ತ್ರದಷ್ಟು ಅವಮಾನಕರವಾದದ್ದು ಇನ್ನೊಂದಿಲ್ಲವೆಂದು ಊರೂರಲ್ಲಿ ಭಾಷಣ ಮಾಡಿದವಳು ನಾನು. ನನ್ನನ್ನೇ ನೋಡಲು ಬಂದ ದಿನ, ದೇವಸ್ಥಾನದ ಸೇವೆಯ ಮನೆತನದ ನಮ್ಮ ತಂದೆಯವರ ಎದುರೇ, “ನಾನು ಹಾಡಬೇಕೆಂದರೆ ಮೊದಲು ಹುಡುಗ ಹಾಡಲಿ” ಎಂದಿದ್ದೆ. ಹುಡುಗ ಹಾಡಿಬಿಟ್ಟರು, ಅದೂ ಇಂಪಾಗಿ. ಸಿದ್ಧಾಂತದ ಪ್ರಕಾರ ಅವರನ್ನು ಬೇಡವೆನ್ನಲು ಕಾರಣವೇ ಉಳಿಯಲಿಲ್ಲ. ಅಂಥ ನಾನು ಒಂದು ಇಡೀ ಗುಡ್ಡವನ್ನು ಕನ್ಯೆಯಂತೆ ನೋಡಿಸಲು ನಿಲ್ಲಿಸಿದ್ದೆ. ಹೆಂಗಸರ ತಲೆಯ ಮೇಲಿನ ಕೊಡ ಇಳಿಸಲೆಂದು ನಾನೇ ತರಿಸಿದ ಪಂಪಿನಿಂದ, ನನ್ನ ಮಾತಿನ ಮೇಲೆಯೇ, ಅವರು ಗುಡ್ಡ ಹತ್ತಿ ನೀರು ಹೊತ್ತಿದ್ದರು. ಇದರಲ್ಲಿ ಎಷ್ಟು ಅನ್ಯಾಯಗಳಿವೆ ಎಂದು ಎಣಿಸಹೊರಟು, ಎಲ್ಲದರ ಕೊನೆಯಲ್ಲೂ ನಾನೇ ನಿಂತಿರುವುದು ಕಂಡು ಬಿಟ್ಟುಬಿಟ್ಟೆ.

ದೀಪಾವಳಿ ಹತ್ತಿರವಾಗುತ್ತಿತ್ತು. ಕೈಯಲ್ಲಿದ್ದುದು ಆ ಚಿತ್ರವೊಂದೇ. ಅದನ್ನು ಹಿಡಿದು ಅಧಿಕಾರಿಯ ಬಳಿ ಹೋದೆ. ಆತ ಪರದೆಯ ಮೇಲೆ ಚಿತ್ರವನ್ನು ಬಹಳ ಹೊತ್ತು ನೋಡಿದ.

“ಕಾಡು ಐತಲ್ರಿ ಮೇಡಂ!”

“ಐತಿ.”

“ಆದ್ರ ಚೌಕಾಗೈತಿ.”

“ಹೌದು.”

“ಆತು ಬಿಡ್ರಿ. ನೀವು ಇಷ್ಟ ತಿರಗ್ಯಾಡೀರಿ. ಈ ಚೌಕಾ ಅಷ್ಟ ಉಳಸೂಣು. ಉಳದದ್ದಕ್ಕ ನೀಲಗಿರಿ ಹಚ್ಚೂಣು.”

ಹೂಂ ಎಂದಿದ್ದರೆ ಚಾಚಿಯ ಒಂದಷ್ಟು ಗಿಡಗಳಾದರೂ ಉಳಿಯುತ್ತಿದ್ದವು. ಸುಳ್ಳು ಬೆಳಕಿನ ಆಧಾರದ ಮೇಲೆ ಒಂದು ಚೌಕ ಉಳಿಸಿಕೊಳ್ಳುವುದು, ಇಲ್ಲವೆ ನಿಜ ಹೇಳಿ ಅದನ್ನೂ ಕಳೆದುಕೊಳ್ಳುವುದು. ತೂಗಿ ನೋಡಿ ನಿರ್ಧರಿಸಿದೆ ಎಂದು ಹೇಳಿಕೊಳ್ಳಲು ಆಸೆಯೇನೋ ಇದೆ. ಆದರೆ ಎದುರಿಗೆ ತಪ್ಪೊಂದು ಕಂಡಾಗ ನನ್ನ ಬಾಯಿ ನನ್ನ ಅಪ್ಪಣೆಗಾಗಿ ಎಂದೂ ಕಾದದ್ದಿಲ್ಲ. “ಅದು ಕಾಡಿನ ಬೆಳಕಲ್ಲ, ನೀರಿಂದು,” ಎಂದು ಶುರುಮಾಡಿ, ಕಸ ಹೊಡೆದದ್ದು, ಕೊಡ ಹೊತ್ತದ್ದು, ಹಸಿ ನೆಲ ಅಲೆಯನ್ನು ಕೊಂಬೆಯ ಕಡೆ ಎಸೆದದ್ದು, ಕೊಂಬೆಗಳೇ ಇರದಿದ್ದರೆ ಬರಿ ಹಸಿ ನೆಲ ಅಷ್ಟೊಂದನ್ನು ಹಿಂದಕ್ಕೆ ಕಳಿಸಲು ಸಾಧ್ಯವಿಲ್ಲದ್ದು, ಆದ್ದರಿಂದ ಆ ಬೆಳಕು ಸುಳ್ಳಾದರೂ ಅದು ಹೇಳುವ ಮಾತು ನಿಜವೇ ಆಗಿರುವುದು, ಎಲ್ಲವನ್ನೂ ಸಮೀಕರಣಗಳ ಸಮೇತ ವಿವರಿಸಿದೆ. ಆತನ ಕಣ್ಣು ಮೊದಲ ಸಮೀಕರಣದಲ್ಲೇ ಮಂಕಾಯಿತು. ಆದರೆ ನೀರಿನ ಸಂಗತಿ ಮಾತ್ರ ಒಳಗೆ ಇಳಿಯಿತು.

“ಅಂದ್ರ, ಯಾರರ ಒಂದಿಷ್ಟು ಕೊಡ ನೀರ ಹಾಕಿದ್ರ ನನ್ನ ನಕ್ಷಾದಾಗ ಕಾಡು ಬೆಳೀತೈತಿ?”

“ಹಂಗೂ ಅನಬಹುದು.”

“ಹಾಕದಿದ್ರ ಇದ್ದ ಕಾಡು ಹೋಗತೈತಿ?”

“ಹೌದು.”

ಆತ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಈ ಚಿತ್ರ ನಾಳೆ ಮ್ಯಾಲಿನವರಿಗೂ ಹೋಗತೈತ್ರಿ. ಚೌಕಾದ ಕಾಡು ಎಲ್ಲೆರ ಇರತೈತೇನು ಅಂತ ಕೇಳ್ತಾರ. ನಾ ಏನ್ ಹೇಳ್ಲಿ? ಹೆಣ್ಣಮಕ್ಕಳು ಉಪಗ್ರಹಕ್ಕ ಅಂಗಳ ಸಾರಿಸಿದ್ರು ಅಂತ ಹೇಳ್ಲೇನು?” ಆಮೇಲೆ ನಿಟ್ಟುಸಿರು ಬಿಟ್ಟು, “ಹೋಗಿ ನೋಡಬೇಕ್ರಿ,” ಎಂದ.

ಈ ನಡುವೆ ನಾನು ಕೊಟ್ಟ ನಾಲ್ಕು ಅರ್ಜಿ, ಕಚೇರಿಯೆದುರು ಕೂತ ಒಂದು ಧರಣಿ, ಎರಡು ವರ್ಷದ ಗಣಿತ ಇವು ಯಾವುದಕ್ಕೂ ಅಲುಗದ ಜೀಪು ಒಂದು ಚೌಕದ ಭಯಕ್ಕೆ ಅಲುಗಿತು. ಡೀಸೆಲ್ಲೂ ಡ್ರೈವರೂ ಒಂದೇ ದಿನ ಸಿಕ್ಕರು.

ಈ ಸಲ ಹಳ್ಳಿಯವರಿಗೆ ನಾನು ಮುಂಚೆಯೇ ಹೋಗಿ ಕಟ್ಟುನಿಟ್ಟಾಗಿ ಹೇಳಿದೆ: ಕಸ ಹೊಡೆಯಬೇಡಿ, ನೀರು ಹಾಕಬೇಡಿ, ಹೊಸ ಸೀರೆ ಬೇಡ, ಚಹಾ ಬೇಡ, ಏನೂ ಬೇಡ, ಗುಡ್ಡ ಹೇಗಿದೆಯೋ ಹಾಗೆಯೇ ಕಾಣಲಿ. ಅವರು ಅಕ್ಷರಶಃ ಪಾಲಿಸಿದರು. ಅಧಿಕಾರಿ ಜೀಪಿನಿಂದ ಇಳಿದಾಗ ಯಾರೂ ಎದ್ದು ಬರಲಿಲ್ಲ, ಯಾರೂ ಒಂದು ತಂಬಿಗೆ ನೀರು ತರಲಿಲ್ಲ. ಸಾಲಾಗಿ ಬಂಡೆಯ ಮೇಲೆ ಕುಳಿತು, ಇಂಥ ಮರ್ಯಾದೆಗೇಡು ತಮ್ಮ ಹಳ್ಳಿಗೆ ಬಂತಲ್ಲ ಎಂಬಂತೆ ನೆಲ ನೋಡುತ್ತಿದ್ದರು. ಆತ ಏದುಸಿರು ಬಿಡುತ್ತ ಸುಣ್ಣದ ಗುರುತಿನವರೆಗೆ ಹತ್ತಿ, ಕಲ್ಲಿನ ಮೇಲೆ ಕುಳಿತು ಬೆವರೊರೆಸಿಕೊಂಡ.

ನನಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಮತ್ತೆ ಸಿಗದೆಂದು ತೋರಿತು. ಗಂಟಲು ಸರಿಮಾಡಿಕೊಂಡು, ನೀಲಗಿರಿ ಅಂತರ್ಜಲಕ್ಕೆ ಮಾಡುವ ಅನ್ಯಾಯದಿಂದ ಆರಂಭಿಸಿದೆ. ಆತನ ಹುಬ್ಬು ಗಂಟಿಕ್ಕಿತು. ಆತನ ಇಲಾಖೆಯ ಹಳೆಯ ತಪ್ಪುಗಳಿಗೆ ಬಂದಾಗ ಆತ ಗಡಿಯಾರ ನೋಡಿಕೊಂಡ. ನಾನು ವಸಾಹತುಶಾಹಿ ಅರಣ್ಯನೀತಿಯ ಹೊಸ್ತಿಲಲ್ಲಿದ್ದೆ. ಆಗ ಚಾಚಿ ಎದ್ದಳು.

“ಅಕ್ಕೋರ, ಮನಷ್ಯಾ ಬಿಸಲಾಗ ಬಂದಾನ. ಹಣ್ಣ ತಿನ್ನಲಿ, ಆಮ್ಯಾಲೆ ಬೈರಿ.”

ನನ್ನ ಅಪ್ಪಣೆ ಮೀರಿ ಸೆರಗಿನಲ್ಲಿ ಒಂದು ಹಣ್ಣು ತಂದಿದ್ದಳು. ಎರಡು ಹೋಳು ಮಾಡಿ ಆತನ ಕೈಗಿಟ್ಟಳು. ಇದು ಆತಿಥ್ಯವೋ ಆಮಿಷವೋ ಎಂಬ ಪ್ರಶ್ನೆ ನನ್ನೊಳಗೆ ಎದ್ದಿತು. ಅದನ್ನು ಹೆಸರಿಸುವಷ್ಟರಲ್ಲಿ ಆತ ಅರ್ಧ ತಿಂದಿದ್ದ.

“ಎಲ್ಲಿಂದ ತಂದ್ರಿ ಇದನ್ನ?”

“ನೀವ ಕುಂತೀರೆಲ್ಲ, ಬೆನ್ನ ಹಿಂದಿನ ಗಿಡದ್ದು.”

ಆತ ತಿರುಗಿ ನೋಡಿದ. ಎದ್ದು ಕಂಟಿಯೊಳಗೆ ನಾಲ್ಕು ಹೆಜ್ಜೆ ಹೋದ. ಅಲ್ಲಿಂದ ಇನ್ನಷ್ಟು ಒಳಗೆ ಹೋಗಿ, ಎಲ್ಲಿದ್ದಾನೆಂದು ನಮಗೆ ಕಾಣದಾದ. ಗಿಡ ಅಲುಗುವ ಸಪ್ಪಳ ಮಾತ್ರ ಕೇಳುತ್ತಿತ್ತು. ಚಾಚಿ ಕೂಗಿ ಹೇಳಿದಳು: “ಎಡಕ್ಕ ಹೋಗಬ್ಯಾಡ್ರಿ ಸಾಹೇಬ್ರ, ಅವು ನಮ್ಮ ನೆಗೆಣ್ಣಿ ಗಿಡಾ. ಆಕಿ ಜಗಳಗಂಟಿ ಅದಾಳ!” ಹೆಂಗಸರೆಲ್ಲ ನಕ್ಕರು. ಆ ಓರಗಿತ್ತಿಯೂ ನಕ್ಕಳು. ಬಹಳ ಹೊತ್ತಿನ ಮೇಲೆ ಆತ ಮೇಲ್ಗಡೆಯ ಬಂಡೆಯ ಹತ್ತಿರ ಹೊರಬಂದ. ಅಂಗಿಯ ತೋಳು ಹರಿದಿತ್ತು, ಕೂದಲಲ್ಲಿ ಎಲೆ ಸಿಕ್ಕಿಕೊಂಡಿತ್ತು.

“ಮೇಡಂರೀ, ಇದರಾಗ ಜೆಸಿಬಿ ತಂದ್ರ ನಮ್ಮ ಡ್ರೈವರ್ ಕಳದ ಹೋಗತಾನ. ಇದಕ್ಕ ಖಾಲಿ ಅಂತ ಯಾರ್ರಿ ಬರದವರು?”

ಬರೆದವನು ಆತನೇ. ಅದನ್ನು ಹೇಳಲು ನಾನು ಬಾಯಿ ತೆರೆದೆ. ಚಾಚಿ ಹಣ್ಣಿನ ಇನ್ನೊಂದು ಹೋಳನ್ನು ನನ್ನ ಕೈಗಿಟ್ಟಳು. ತಿಂದೆ.

ಆತ ತನ್ನ ನಕ್ಷೆಯಲ್ಲಿ ಆ ಇಳಿಜಾರಿನ ಬಣ್ಣ ಬದಲಿಸಿ ‘ಕುರುಚಲು ಕಾಡು’ ಎಂದು ಸೇರಿಸಿದ. ಜೆಸಿಬಿಗಳು ಬರಲಿಲ್ಲ. ನನ್ನ ಮಾದರಿಯೂ ಮುಂದೆ ಪೂರ್ತಿಯಾಗಿ, ಪ್ರಬಂಧ ಒಪ್ಪಿತವಾಯಿತು. ಅದರ ಅತ್ಯಂತ ಗಟ್ಟಿಯಾದ ಅಧ್ಯಾಯ ಒಣ ಕುರುಚಲು ಕಾಡಿನಲ್ಲಿ ನೆಲದ ತೇವದ ಪರಿಣಾಮ ಕುರಿತದ್ದು. ಪ್ರಯೋಗದ ವಿಧಾನವನ್ನು ವಿವರಿಸುವಲ್ಲಿ ‘ಚೌಕವನ್ನು ಗುಡಿಸಿ, ನೀರು ಚಿಮುಕಿಸಲಾಯಿತು’ ಎಂದಷ್ಟೇ ಬರೆದೆ. ಏಕೆ ಎಂದು ಪರೀಕ್ಷಕರು ಕೇಳಿದರು. ಕನ್ಯೆ ನೋಡುವ ಶಾಸ್ತ್ರವನ್ನು ವಿವರಿಸಬೇಕಾಯಿತು. ಚಿತ್ರ ಕಳಿಸುವ ಕೇಂದ್ರದಿಂದ ನನ್ನ ಖಂಡನಾಪತ್ರಕ್ಕೆ ಬಹಳ ವಿನಯದ ಉತ್ತರ ಬಂತು. ಅದನ್ನು ಗಂಡ ಇಂದಿಗೂ ನೆಂಟರು ಬಂದಾಗ ಗಟ್ಟಿಯಾಗಿ ಓದುತ್ತಾರೆ.

ಮರುವರ್ಷದ ಹಂಗಾಮಿನಲ್ಲಿ ಒಂದು ಭಾನುವಾರ ಮುಂಡರಗಿಗೆ ಹೋದೆ. ಬಸ್ ನಿಲ್ದಾಣದ ಹೊರಗೆ ಚಾಚಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಅವಳ ಪಕ್ಕದಲ್ಲಿ ಸೆರಗು ಸಿಕ್ಕಿಸಿಕೊಂಡು ನಾನೂ ಕುಳಿತೆ. ದುಡಿಯುವವರ ಜೊತೆ ನೆಲದ ಮೇಲೆ ಕೂರುವುದು ನನ್ನ ಹಳೆಯ ಚಟ. ದಪ್ಪಗಿನ ಹೆಂಗಸೊಬ್ಬಳು ಬಂದು ಹಣ್ಣನ್ನು ಒಂದೊಂದಾಗಿ ಎತ್ತಿ ಹಿಚುಕಿ ನೋಡಿ, ರೇಟು ಕೇಳಿ, ಇನ್ನೂ ಇಳಿಸು ಎಂದಳು. ಬಡ ಹೆಣ್ಣುಮಗಳ ಬೆವರಿನ ಬೆಲೆಯನ್ನು ಹೀಗೆ ಚೌಕಾಸಿ ಮಾಡುವುದು ಎಂಥ ಅನ್ಯಾಯವೆಂದು ನಾನು ಅವಳಿಗೆ ತಿಳಿಸಿಕೊಟ್ಟೆ. ಅವಳು ಹಣ್ಣು ಬುಟ್ಟಿಗೆ ಹಾಕಿ ಹೋದಳು. ಅವಳ ಹಿಂದೆ ಬಂದವನು ಹಿಚುಕಿಯೂ ನೋಡಲಿಲ್ಲ. ನನ್ನ ಮುಖ ನೋಡಿಯೇ ಆಚೆಯ ಬುಟ್ಟಿಗೆ ನಡೆದ. ಮೂರನೆಯವರು ದೂರದಿಂದಲೇ ದಾರಿ ಬದಲಿಸಿದರು.

ಚಾಚಿ ನನ್ನ ಕಡೆ ತಿರುಗಿದಳು.

“ಅಕ್ಕೋರ, ಗುಡ್ಡಾ ಉಳಿಸಿದ್ರಿ, ಛಲೋ ಆತು. ಹಣ್ಣ ಉಳಿಸಬ್ಯಾಡ್ರಿ. ಅಲ್ಲೆ ಆ ಮರದ ನೆರಳಿಗೆ ಹೋಗಿ ಕುಂಡ್ರಿ, ನಾ ಮಾರಿ ಬರತೇನಿ.”